ಪೆಟ್ರೋಲಿನ ತಳದ ನೀರು

ಮಳೆಗಾಲ ಕಾಲಿಡುವ ಮುನ್ನವೇ ಜಾಣೆಯಾದ ಗೃಹಿಣಿ ಉಪ್ಪಿನಕಾಯಿಯ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಬಿಗಿಯುತ್ತಾಳೆ. ಹಪ್ಪಳದ ಡಬ್ಬವನ್ನು ಅಟ್ಟಕ್ಕೇರಿಸುತ್ತಾಳೆ. ಬೇಳೆಯನ್ನು ಮತ್ತೊಮ್ಮೆ ಬಿಸಿಲಿಗೆ ಹರಡುತ್ತಾಳೆ. ತೇವವೆಂಬುದು ಎಲ್ಲಿಂದ ನುಸುಳೀತು, ಏನನ್ನು ಕೆಡಿಸೀತು ಎಂಬ ಅರಿವು ಅಡಿಗೆಮನೆಗೆ ಉಂಟು. ಆದರೆ ಅದೇ ಮನೆಯ ಅಂಗಳದಲ್ಲಿ, ಹೆಂಚಿನ ಮಾಡಿನ ಕೆಳಗೆ ನಿಂತಿರುವ ಹಳೆಯ ಮೋಟಾರು ಕಾರಿನ ಪೆಟ್ರೋಲು ಟ್ಯಾಂಕಿನ ಬಾಯಿ ಭದ್ರವಾಗಿದೆಯೇ ಎಂದು ನೋಡುವವರು ವಿರಳ. ಉಪ್ಪಿನಕಾಯಿ ಕೆಟ್ಟರೆ ಒಂದು ಜಾಡಿ ನಷ್ಟ. ಟ್ಯಾಂಕಿಗೆ ನೀರು ಸೇರಿದರೆ ಒಂದು ಕಾರೇ ಮನೆಯ ಋಣ ತೀರಿಸಿಕೊಂಡು ಹೊರಟುಹೋಗುವ ಪ್ರಸಂಗ ಬರಬಹುದು.

ಏರಿನಲ್ಲಿ ನಿಂತ ಕಾರು

ಹಳೆಯ ಕಾರನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಂಡಿರುವ ಮನೆಗಳು ಮೈಸೂರಿನ ಬಡಾವಣೆಗಳಲ್ಲಿ ಅಲ್ಲಲ್ಲಿ ಉಂಟು. ಅಂಥ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಂಡರೆ ವಿಷಯ ಸುಲಭವಾಗಿ ತಿಳಿಯುತ್ತದೆ.

ಮನೆಯ ಹಿರಿಯರು ನಿವೃತ್ತ ವೈದ್ಯರು. 1970ರ ದಶಕದ ಕೊನೆಯಲ್ಲಿ, ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದು ಕೊಂಡ ಪ್ರೀಮಿಯರ್ ಪದ್ಮಿನಿ ಅವರದು. ಇಟಲಿಯ ಫಿಯೆಟ್ 1100ರ ವಂಶದ ಈ ಕಾರು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. 1974ರಿಂದ ಪದ್ಮಿನಿ ಎಂಬ ಹೆಸರು ಹೊತ್ತು, ಈ ಶತಮಾನ ಆರಂಭವಾಗುವ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಅರ್ಧರಾತ್ರಿಯಲ್ಲಿ ಹೆರಿಗೆಗೆ ಕರೆ ಬಂದಾಗ ವೈದ್ಯರನ್ನು ಹಳ್ಳಿಗಳಿಗೆ ಕರೆದೊಯ್ದದ್ದು ಅದೇ ಕಾರು. ಈಗ ಅದು ತಿಂಗಳಿಗೆ ಒಂದೆರಡು ಸಲ ಹೊರಬರುತ್ತದೆ, ಅಷ್ಟೆ.

ಶ್ರಾವಣದ ಒಂದು ಭಾನುವಾರ ಮನೆಮಂದಿಯೆಲ್ಲ ಚಾಮುಂಡಿ ಬೆಟ್ಟಕ್ಕೆ ಹೊರಟರು. ಚಕ್ರದ ಹಿಂದೆ ಮಗ, ಪಕ್ಕದಲ್ಲಿ ವೈದ್ಯರು, ಹಿಂದೆ ಅಜ್ಜಿ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಊರೊಳಗೆ ಕಾರು ಚೆನ್ನಾಗಿಯೇ ಓಡಿತು. ಬೆಟ್ಟದ ಏರು ಹತ್ತುತ್ತಿದ್ದಂತೆ ಎಂಜಿನ್ನು ಎರಡು ಸಲ ಸೀನಿತು, ತಡವರಿಸಿತು, ತಿರುವಿನಲ್ಲಿ ಪೂರ್ತಿ ನಿಂತಿತು. ಮಗ ಕೈಬ್ರೇಕು ಎಳೆಯುವಷ್ಟರಲ್ಲಿ ಕಾರು ಒಂದು ಮಾರು ಹಿಂದಕ್ಕೆ ಜಾರಿತ್ತು. ಹಿಂದಿನಿಂದ ಬರುತ್ತಿದ್ದ ಬಸ್ಸು ಹಾರನ್ನು ಕೂಗಿಸಿ ನಿಂತಿತು. ಮೊಮ್ಮಗಳು ಧಡಕ್ಕನೆ ಇಳಿದು ಚಕ್ರದ ಹಿಂದೆ ಕಲ್ಲಿಟ್ಟಳು. ಹತ್ತು ನಿಮಿಷ ಕಳೆದ ಮೇಲೆ ಕಾರು ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಯಿತು. ಅಜ್ಜಿ ಮಾತ್ರ ಮತ್ತೆ ಅದರಲ್ಲಿ ಕೂರಲು ಒಪ್ಪಲಿಲ್ಲ.

ಅದು ಮೊದಲ ಸಲವೇನೂ ಆಗಿರಲಿಲ್ಲ. ಆ ತಿಂಗಳಲ್ಲೇ ಎರಡು ಬಾರಿ ಕಾರ್ಬುರೇಟರನ್ನು ಬಿಚ್ಚಿ ತೊಳೆಯಿಸಿದ್ದಾಗಿತ್ತು. ತೊಳೆದ ಮೇಲೆ ಎರಡು ದಿನ ಸರಿ, ಮೂರನೆಯ ದಿನ ಯಥಾಪ್ರಕಾರ. ಕಾರ್ಬುರೇಟರೇ ಸವೆದಿದೆ, ಬದಲಾಯಿಸಬೇಕೆಂದು ಕಾರ್ಖಾನೆಯವರು ಹೇಳಿದ್ದರು. ಅಂದು ರಾತ್ರಿ ಊಟದ ಹೊತ್ತಿಗೆ ಮಗ ಮೆಲ್ಲಗೆ ಮಾತೆತ್ತಿದ.

"ಅಪ್ಪಾ, ಇನ್ನು ಸಾಕು. ಗುಜರಿಯವನು ಬಂದು ಬೆಲೆ ಕಟ್ಟಿ ಹೋಗಿದ್ದಾನೆ. ಇವತ್ತು ಹಿಂದೆ ಬಸ್ಸು ಸ್ವಲ್ಪ ಹತ್ತಿರ ಇದ್ದಿದ್ದರೆ?"

ವೈದ್ಯರು ಉತ್ತರ ಕೊಡಲಿಲ್ಲ. ಮಗನ ಮಾತು ನ್ಯಾಯವಾಗಿಯೇ ಇತ್ತು. ಮೊಮ್ಮಗಳು ಮಾತ್ರ ಕೇಳಿದಳು: "ತಾತಾ, ಅದು ಏರಿನಲ್ಲಿ, ತಿರುವಿನಲ್ಲಿ ಮಾತ್ರ ಏಕೆ ನಿಲ್ಲುತ್ತದೆ? ಕಾರ್ಬುರೇಟರು ಸವೆದಿದ್ದರೆ ಸಮನೆಲದಲ್ಲಿಯೂ ನಿಲ್ಲಬೇಕಲ್ಲ?"

ಗಾಜಿನ ಬಾಟಲಿಯ ಸಾಕ್ಷಿ

ಮಾರನೆಯ ದಿನ, ಹಿಂದೆ ಆ ಕಾರನ್ನು ನೋಡಿಕೊಳ್ಳುತ್ತಿದ್ದ ವೃದ್ಧ ಮೇಸ್ತ್ರಿಗೆ ಹೇಳಿಕಳುಹಿಸಿದ್ದಾಯಿತು. ಆತ ಬಾನೆಟ್ಟನ್ನು ಎತ್ತಲೂ ಇಲ್ಲ. "ಡಾಕ್ಟರೇ, ಮೊದಲು ಒಂದು ಒಣಗಿದ ಗಾಜಿನ ಬಾಟಲಿ ಕೊಡಿಸಿ" ಎಂದ.

"ಬಾಟಲಿ ಯಾತಕ್ಕಪ್ಪಾ?"

"ರಕ್ತ ನೋಡದೆ ನೀವು ಔಷಧ ಕೊಡುತ್ತಿದ್ದಿರಾ, ಸ್ವಾಮಿ?"

ಕೈಪಂಪಿನ ಕೊಳವೆಯನ್ನು ಟ್ಯಾಂಕಿನ ತಳದವರೆಗೆ ಇಳಿಸಿ ಆತ ಬಾಟಲಿಯನ್ನು ತುಂಬಿಸಿದ. ಅಲುಗಿಸದೆ ಅರ್ಧ ಗಂಟೆ ಇಟ್ಟ ಮೇಲೆ ಎಲ್ಲರ ಕಣ್ಣಿಗೂ ಕಂಡಿತು: ಬಾಟಲಿಯ ಮೇಲ್ಭಾಗದಲ್ಲಿ ಒಂದು ಬಣ್ಣ, ಕೆಳಭಾಗದಲ್ಲಿ ಇನ್ನೊಂದು, ನಡುವೆ ಗೆರೆ ಎಳೆದಂತೆ ಸ್ಪಷ್ಟವಾದ ಎಲ್ಲೆ. ಮೊಮ್ಮಗಳು ಕೇಸರಿಬಾತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ತಂದು ಉದುರಿಸಿದಳು. ಅದು ಮೇಲಿನ ಪದರದಲ್ಲಿ ಕರಗದೆ ಇಳಿದು, ತಳದ ಪದರವನ್ನು ಮಾತ್ರ ಕೆಂಪಾಗಿಸಿತು. ಆ ಬಣ್ಣ ನೀರಿನಲ್ಲಿ ಕರಗುವುದೇ ಹೊರತು ಪೆಟ್ರೋಲಿನಲ್ಲಿ ಕರಗುವಂಥದಲ್ಲ. ತಳದಲ್ಲಿದ್ದದ್ದು ನೀರು ಸೇರಿದ ದ್ರವವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮೊಮ್ಮಗಳ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇತ್ತು. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಒಂದು ಲೀಟರು ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋಗ್ರಾಂ. ಆದಕಾರಣ ನೀರು ಯಾವಾಗಲೂ ತಳ ಸೇರುತ್ತದೆ. ಪೆಟ್ರೋಲು ಹೀರುವ ಕೊಳವೆಯ ಬಾಯಿ ತಳಕ್ಕಿಂತ ತುಸು ಮೇಲಿರುವುದರಿಂದ ಸಮನೆಲದಲ್ಲಿ ಕಾರು ನೆಮ್ಮದಿಯಾಗಿ ಓಡಬಹುದು. ಏರಿನಲ್ಲಿ ಟ್ಯಾಂಕು ಓರೆಯಾದಾಗ, ತಿರುವಿನಲ್ಲಿ ಅಥವಾ ಬ್ರೇಕು ಹಾಕಿದಾಗ ತಳದ ನೀರು ಹೊಯ್ದಾಡಿ ಕೊಳವೆಯ ಬಾಯಿಗೆ ಬರುತ್ತದೆ. ಅಲ್ಲಿಂದ ಪಂಪು, ಪಂಪಿನಿಂದ ಕಾರ್ಬುರೇಟರಿನ ಬಟ್ಟಲು.

ಆ ಬಟ್ಟಲಿನಿಂದ ಎಂಜಿನ್ನಿಗೆ ಪೆಟ್ರೋಲು ಹೋಗುವುದು ಜೆಟ್ಟೆಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ. ಮುಖ್ಯ ಜೆಟ್ಟಿನ ರಂಧ್ರ ಸುಮಾರು ಒಂದು ಮಿಲಿಮೀಟರು. ನಿಂತಲ್ಲಿ ಎಂಜಿನ್ನು ಓಡಿಸುವ ಸಣ್ಣ ಜೆಟ್ಟಿನದು ಅದರ ಅರ್ಧದಷ್ಟು. ನೀರಿನ ಹನಿಯನ್ನು ಗುಂಡಗೆ ಹಿಡಿದಿಡುವ ಬಲ, ಎಂದರೆ ಮೇಲ್ಮೈ ಸೆಳೆತ, ಪೆಟ್ರೋಲಿಗಿಂತ ಮೂರು ಪಟ್ಟಿಗೂ ಮಿಕ್ಕಿದ್ದು. ಪೆಟ್ರೋಲು ಸಲೀಸಾಗಿ ನುಸುಳುವ ರಂಧ್ರದ ಬಾಯಲ್ಲಿ ನೀರಿನ ಹನಿ ಬಿರಡೆಯಂತೆ ಕುಳಿತುಬಿಡುತ್ತದೆ. ಕಾರ್ಬುರೇಟರನ್ನು ತೊಳೆದರೆ ಆ ಹನಿ ಹೋಗುತ್ತದೆ. ಟ್ಯಾಂಕಿನ ತಳದಲ್ಲಿ ಮುಂದಿನ ಹನಿ ಸಿದ್ಧವಾಗಿರುತ್ತದೆ. ಎರಡು ದಿನದ ಸುಖಕ್ಕೆ ಕಾರಣ ಇದೇ. ಜ್ವರದ ಮೂಲ ನೋಡದೆ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗಾಯಿತೆಂದು ವೈದ್ಯರು ತಮ್ಮಷ್ಟಕ್ಕೆ ನಕ್ಕರು.

ಮಳೆಯಲ್ಲಿ ಕಾರು ನಿಂತಿತೆಂದ ಮಾತ್ರಕ್ಕೆ ಟ್ಯಾಂಕಿನ ನೀರೇ ಕಾರಣವೆನ್ನಲಾಗದು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಒದ್ದೆಯಾದರೂ ಕಾರು ನಿಲ್ಲುತ್ತದೆ. ಬೇಸಗೆಯ ಮಧ್ಯಾಹ್ನ ಪೆಟ್ರೋಲು ಕೊಳವೆಯಲ್ಲೇ ಆವಿಯಾದರೂ ನಿಲ್ಲುತ್ತದೆ. ಯಾವುದೇ ಭಾಗವನ್ನು ಬದಲಾಯಿಸುವ ಮೊದಲು ಬಾಟಲಿಯ ಪರೀಕ್ಷೆ ನಡೆಯಲಿ ಎನ್ನುವುದು ಇದಕ್ಕಾಗಿಯೇ. ಅದಕ್ಕೆ ಕಾಸಿನ ಖರ್ಚಿಲ್ಲ.

ಮದ್ಯಸಾರ ಬೆರೆತ ಮೇಲೆ

ಹಿಂದಿನ ಕಾಲದ ಚಾಲಕರಿಗೆ ಒಂದು ಕೈಮದ್ದು ಗೊತ್ತಿತ್ತು. ಟ್ಯಾಂಕಿಗೆ ಸ್ವಲ್ಪ ಸ್ಪಿರಿಟ್ಟು ಸುರಿದರೆ ಅದು ನೀರನ್ನು ತನ್ನಲ್ಲಿ ಕರಗಿಸಿಕೊಂಡು ಪೆಟ್ರೋಲಿನೊಂದಿಗೆ ಉರಿದುಹೋಗುತ್ತಿತ್ತು. ಬರಿಯ ಪೆಟ್ರೋಲು ಲೀಟರಿಗೆ ಒಂದೆರಡು ಹನಿಗಿಂತ ಹೆಚ್ಚು ನೀರನ್ನು ಕರಗಿಸಿಕೊಳ್ಳಲಾರದಾದ್ದರಿಂದ, ನೀರು ಅಲ್ಪವಾಗಿದ್ದರೆ ಆ ಮದ್ದು ಫಲಿಸುತ್ತಿತ್ತು.

ಈಗ ಮಾರಾಟವಾಗುವ ಪೆಟ್ರೋಲಿನಲ್ಲಿ ಮದ್ಯಸಾರ, ಎಂದರೆ ಎಥೆನಾಲು, ಮೊದಲೇ ಬೆರೆತಿರುತ್ತದೆ. ಕಬ್ಬಿನಿಂದಲೂ ಕಾಕಂಬಿಯಿಂದಲೂ ಧಾನ್ಯಗಳಿಂದಲೂ ಇದು ತಯಾರಾಗುತ್ತದೆ. ಭಾರತದಲ್ಲಿ 2003ರಲ್ಲಿ ನೂರಕ್ಕೆ 5 ಪಾಲಿನಿಂದ ಆರಂಭವಾದ ಈ ಬೆರಕೆ 2022ರಲ್ಲಿ 10 ಪಾಲಿಗೆ ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮ್ಮೇಳನದಲ್ಲಿ 20 ಪಾಲಿನ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದ ಸರಾಸರಿಯೇ ಸುಮಾರು 20 ಪಾಲಿಗೆ ಬಂದಿತು.

ಎಥೆನಾಲಿಗೆ ನೀರಿನ ಮೇಲೆ ಬಲು ಮೋಹ. ನೂರಕ್ಕೆ 10 ಪಾಲು ಎಥೆನಾಲುಳ್ಳ ಒಂದು ಲೀಟರು ಪೆಟ್ರೋಲು, 15 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಮಾರು 5 ಮಿಲಿಲೀಟರು ನೀರನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. ಎಥೆನಾಲು ಹೆಚ್ಚಿದಂತೆ ಈ ಶಕ್ತಿಯೂ ಹೆಚ್ಚುತ್ತದೆ. ತಂಪು ಹೆಚ್ಚಿದಂತೆ ಕುಗ್ಗುತ್ತದೆ. ಅಲ್ಪಸ್ವಲ್ಪ ನೀರು ಸೇರಿದರೆ ಇದರಿಂದ ಉಪಕಾರವೇ ಸರಿ. ಆದರೆ ಮಿತಿ ಮೀರಿದ ಕ್ಷಣದಲ್ಲಿ ನೀರು ಒಂಟಿಯಾಗಿ ತಳಕ್ಕೆ ಇಳಿಯುವುದಿಲ್ಲ. ಎಥೆನಾಲಿನ ಬಹುಪಾಲನ್ನೂ ಕೈಹಿಡಿದು ಎಳೆದುಕೊಂಡು ಹೋಗುತ್ತದೆ. ಒಳಗೆ ಹೋದ ನೀರು ಒಂದು ಲೋಟವಾದರೆ ತಳದಲ್ಲಿ ನಿಲ್ಲುವ ಪದರ ಅದರ ಹಲವು ಪಟ್ಟು. ಈ ನೀರುಮದ್ಯ ಎಂಜಿನ್ನಿನಲ್ಲಿ ಸರಿಯಾಗಿ ಉರಿಯದು. ಮೇಲೆ ಉಳಿದ ಪೆಟ್ರೋಲೂ ಎಥೆನಾಲನ್ನು ಕಳೆದುಕೊಂಡು ಸತ್ವಹೀನವಾಗಿ, ಎಂಜಿನ್ನು ಕುಟ್ಟುವ ಸದ್ದು ಮಾಡಲು ಕಾರಣವಾದೀತು. ವೈದ್ಯರ ಕಾರಿನ ಟ್ಯಾಂಕಿನಲ್ಲಿದ್ದದ್ದು ಹತ್ತು ಲೀಟರಿಗೂ ಕಡಿಮೆ ಪೆಟ್ರೋಲು. ಅದರ ತಳದಲ್ಲಿ ಒಂದೂವರೆ ಲೀಟರಿನಷ್ಟು ಕೆಟ್ಟ ದ್ರವ ಸಿಕ್ಕಿದ್ದು ಹೀಗೆ. ಒಮ್ಮೆ ಪದರ ಬೇರೆಯಾದ ಮೇಲೆ ಹಳೆಯ ಕೈಮದ್ದಿಗೆ ಬೆಲೆಯಿಲ್ಲ. ಇಳಿಸಿ ಚೆಲ್ಲುವುದೊಂದೇ ಮಾರ್ಗ.

ಎಚ್ಚರಿಕೆ ಮೊದಲು

ಈ ಕೆಲಸವನ್ನು ತಿಳಿದವರ ಕೈಯಲ್ಲಿ ಮಾಡಿಸುವುದೇ ಲೇಸು. ಮನೆಯಲ್ಲೇ ಮಾಡಿಸುವುದಾದರೂ ಯಜಮಾನನು ಕೆಲವು ಸಂಗತಿಗಳನ್ನು ಕಣ್ಣಿಟ್ಟು ನೋಡತಕ್ಕದ್ದು.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು, ಕಾಣದಂತೆ ಹಿತ್ತಲಿನ ನೀರೊಲೆಯವರೆಗೂ ಹೋಗಬಲ್ಲದು. ಆದ್ದರಿಂದ ಕಾರನ್ನು ಬಯಲಿಗೆ ತಂದು, ಬ್ಯಾಟರಿಯ ತಂತಿಯನ್ನು ಬಿಚ್ಚಿಟ್ಟೇ ಕೆಲಸಕ್ಕೆ ಕೈಹಾಕಬೇಕು. ಹತ್ತಿರದಲ್ಲಿ ಒಲೆ, ದೀಪ, ಬೀಡಿ, ಊದುಬತ್ತಿ ಯಾವುದೂ ಇರಕೂಡದು. ಒಣಮರಳಿನ ಬಕೆಟ್ಟು ಅಥವಾ ಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಲಿ. ಹೊತ್ತಿದ ಪೆಟ್ರೋಲಿಗೆ ನೀರೆರಚಿದರೆ ಬೆಂಕಿ ತೇಲಿ ಹರಡುತ್ತದೆ. ಇಳಿಸಿದ ಪೆಟ್ರೋಲನ್ನು ಲೋಹದ ಡಬ್ಬದಲ್ಲಿ ಹಿಡಿಯಬೇಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹುಟ್ಟುವ ವಿದ್ಯುತ್ತಿನ ಒಂದು ಕಿಡಿ ಸಾಕು ಅನಾಹುತಕ್ಕೆ.

ಕೊಳವೆಗೆ ಬಾಯಿಟ್ಟು ಪೆಟ್ರೋಲು ಹೀರುವ ಅಭ್ಯಾಸ ನಮ್ಮ ಕಾರ್ಖಾನೆಗಳಲ್ಲಿ ಇನ್ನೂ ಹೋಗಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅಕಸ್ಮಾತ್ ನುಂಗಿದವನಿಗೆ ವಾಂತಿ ಮಾಡಿಸಲೂ ಕೂಡದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಸೇರುವ ಭಯವುಂಟು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನೂರು ರೂಪಾಯಿಯ ಕೈಪಂಪಿಗಾಗಿ ಮೇಸ್ತ್ರಿಯ ಹುಡುಗನ ಜೀವವನ್ನು ಪಣಕ್ಕಿಡುವುದು ಯಾವ ಮನೆತನಕ್ಕೂ ಶೋಭೆಯಲ್ಲ.

ಶುದ್ಧಿಯ ಕ್ರಮ

ಮೊದಲು ಕಾರನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಬೇಕು. ಅಷ್ಟರಲ್ಲಿ ನೀರೆಲ್ಲ ತಳ ಸೇರುತ್ತದೆ. ಮುಂಜಾನೆಯ ತಂಪಿನಲ್ಲಿ, ಟ್ಯಾಂಕಿನ ತಳದಲ್ಲಿ ಬಿರಡೆಯಿದ್ದರೆ ಅದನ್ನು ಬಿಚ್ಚಿಯೂ ಇಲ್ಲವಾದರೆ ಕೈಪಂಪಿನಿಂದಲೂ ಎಲ್ಲವನ್ನೂ ಇಳಿಸತಕ್ಕದ್ದು. ತುಕ್ಕಿನ ಪುಡಿ ಬಂದರೆ ಟ್ಯಾಂಕನ್ನೇ ಕೆಳಗಿಳಿಸಿ ಒಳಗೆ ನೋಡಬೇಕು. ಟ್ಯಾಂಕಿನಲ್ಲಿ ತೂತು ಕಂಡರೆ ಬೆಸುಗೆಯವನ ಬಳಿಗೆ ಓಡಬಾರದು. ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಒಳಗೆ ಉಳಿದ ಆವಿ ಗಾಳಿಯೊಂದಿಗೆ ಬೆರೆತು ಬಾಂಬಿನಂತೆ ಸಿಡಿಯಬಲ್ಲದು. ಆವಿಯನ್ನು ಪೂರ್ಣವಾಗಿ ಕಳೆಯಬಲ್ಲ ನುರಿತವರೇ ಆ ಕೆಲಸ ಮಾಡಬೇಕು.

ಟ್ಯಾಂಕಾದ ಮೇಲೆ ಕೊಳವೆಗಳು. ಹಳೆಯ ರಬ್ಬರು ಕೊಳವೆಗಳು ಎಥೆನಾಲಿಗೆ ತಡೆಯದೆ ಉಬ್ಬುತ್ತವೆ, ಬಿರಿಯುತ್ತವೆ. ಅವನ್ನು ಎಥೆನಾಲಿಗೆ ತಾಳುವ ಹೊಸ ಕೊಳವೆಗಳಿಂದ ಬದಲಾಯಿಸಲು ಇದೇ ಸಮಯ. ಪಂಪಿನೊಳಗಿನ ಜಾಲರಿಯನ್ನು ತೊಳೆಯಬೇಕು. ಕಾಗದದ ಫಿಲ್ಟರು ನೀರು ಕುಡಿದು ಉಬ್ಬಿರುತ್ತದಾದ್ದರಿಂದ ಅದನ್ನು ಎಸೆದು ಹೊಸದನ್ನು ಹಾಕಬೇಕು.

ಕಾರ್ಬುರೇಟರಿನ ಸರದಿ ಬರುವುದು ಕೊನೆಗೆ. ಅದನ್ನು ಮೊದಲು ತೊಳೆದರೆ ಕೆಳಗಿನ ಕೊಳೆಯೆಲ್ಲ ಮತ್ತೆ ಅಲ್ಲಿಗೇ ಬರುತ್ತದೆ. ಬಟ್ಟಲಿನ ತಳದಲ್ಲಿ ಬಿಳಿಯ ಪುಡಿ ಕಂಡರೆ, ನೀರು ಬಹುದಿನ ನಿಂತು ಲೋಹವನ್ನು ತಿಂದಿದೆ ಎಂದರ್ಥ. ಜೆಟ್ಟುಗಳನ್ನು ಗಾಳಿ ಊದಿ ಶುದ್ಧಮಾಡಬೇಕು. ತಂತಿಯನ್ನಾಗಲಿ ಸೂಜಿಯನ್ನಾಗಲಿ ಚುಚ್ಚಬಾರದು. ಕೂದಲೆಳೆಯಷ್ಟು ರಂಧ್ರ ಹಿಗ್ಗಿದರೂ ಎಂಜಿನ್ನು ಎಂದೆಂದಿಗೂ ಹೆಚ್ಚು ಪೆಟ್ರೋಲು ಕುಡಿಯತೊಡಗುತ್ತದೆ.

ಇಳಿಸಿದ ಕೆಟ್ಟ ಪೆಟ್ರೋಲನ್ನು ಚರಂಡಿಗೆ ಸುರಿಯಬಾರದು. ಮುಚ್ಚಿದ ಡಬ್ಬದಲ್ಲಿ, ಹಳೆಯ ಎಣ್ಣೆ ಇಂಧನಗಳನ್ನು ಕ್ರಮವಾಗಿ ವಿಲೇವಾರಿ ಮಾಡುವ ಕಾರ್ಖಾನೆಗೆ ಒಪ್ಪಿಸಬೇಕು.

ನೀರು ಬಂದ ಬಾಗಿಲು

ಇಷ್ಟಾದರೂ ಕೆಲಸ ಅರ್ಧವೇ ಆದಂತೆ. ನೀರು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಅದು ಮತ್ತೆ ಬಾರದೆಂಬ ಭರವಸೆಯಿಲ್ಲ. "ಗಾಳಿಯ ತೇವ ಟ್ಯಾಂಕಿನೊಳಗೆ ಬೆವರಿರಬೇಕು" ಎಂದು ಮಗ ಊಹಿಸಿದ. ಎಲ್ಲರೂ ಹೇಳುವ ಮಾತೇ ಅದು. ಮೊಮ್ಮಗಳು ಕಾಗದ ಪೆನ್ಸಿಲು ತಂದು ಲೆಕ್ಕ ಹಾಕಿದಳು.

ಟ್ಯಾಂಕಿನಲ್ಲಿ 30 ಲೀಟರು ಜಾಗ ಖಾಲಿ ಇದೆಯೆನ್ನೋಣ. ಹಗಲಿಗೂ ರಾತ್ರಿಗೂ 15 ಡಿಗ್ರಿ ಉಷ್ಣದ ವ್ಯತ್ಯಾಸವಿದ್ದರೆ ಒಳಗಿನ ಗಾಳಿ ಇಪ್ಪತ್ತರಲ್ಲಿ ಒಂದು ಪಾಲು ಹಿಗ್ಗಿ ಕುಗ್ಗುತ್ತದೆ. ಎಂದರೆ ದಿನಕ್ಕೆ ಒಂದೂವರೆ ಲೀಟರು ಹೊಸ ಗಾಳಿ ಒಳಬರುತ್ತದೆ. 30 ಡಿಗ್ರಿಯ, ತೇವದಿಂದ ತುಂಬಿದ ಗಾಳಿಯಲ್ಲಿಯೂ ಲೀಟರಿಗೆ ಇರುವ ನೀರು 0.03 ಗ್ರಾಂ. ಅಷ್ಟೂ ಟ್ಯಾಂಕಿನಲ್ಲೇ ಉಳಿದರೂ ದಿನಕ್ಕೆ ಒಂದು ಹನಿ, ವರ್ಷಕ್ಕೆ ಒಂದು ದೊಡ್ಡ ಚಮಚ. ಒಂದು ಲೋಟ ತುಂಬಲು ಹನ್ನೆರಡು ವರ್ಷವೇ ಬೇಕು! ಲೆಕ್ಕ ಸ್ಥೂಲವಾದರೂ ಪಾಠ ಸ್ಪಷ್ಟ: ಟ್ಯಾಂಕಿನ ತಳದಲ್ಲಿ ಲೋಟಗಟ್ಟಲೆ ನೀರು ಸಿಕ್ಕರೆ ಅದು ಬೆವರಲ್ಲ, ಎಲ್ಲಿಯೋ ತೆರೆದ ಬಾಗಿಲಿನಿಂದ ಬಂದದ್ದು.

ಆ ಬಾಗಿಲು ಪೆಟ್ರೋಲು ಬಂಕಿನದಾಗಿರಬಹುದು. ಮಳೆಗಾಲದಲ್ಲಿ ನೆಲದಡಿಯ ತೊಟ್ಟಿಗೆ ನೀರು ನುಗ್ಗಿದರೆ ಅದು ಅಲ್ಲಿ ಹಾಕಿಸಿಕೊಂಡ ಹಲವರ ಟ್ಯಾಂಕಿಗೂ ಬರುತ್ತದೆ. ಅನುಮಾನ ಬಂದ ಗಿರಾಕಿ ನೀರಿನ ಪರೀಕ್ಷೆಯನ್ನು ತೋರಿಸೆಂದು ಬಂಕಿನಲ್ಲಿ ಕೇಳಬಹುದು. ದಿನವೂ ಕಾರಿನ ಮೇಲೆ ರಬ್ಬರು ಪೈಪಿನಿಂದ ರಭಸವಾಗಿ ನೀರು ಹಾಯಿಸುವುದೂ ಒಂದು ಬಾಗಿಲೇ. ಆದರೆ ಹಳೆಯ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಟ್ಯಾಂಕಿನ ಮುಚ್ಚಳದೊಳಗಿನ ರಬ್ಬರು ವಾಷರು.

ವೈದ್ಯರ ಮನೆಯಲ್ಲಿ ಆ ವಾಷರು ಒಣಗಿ ಬಿರಿದು ಎರಡು ತುಂಡಾಗಿತ್ತು. ಮೇಸ್ತ್ರಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಲೆಯೆತ್ತಿ ನೋಡಿದ. ಕಾರು ನಿಲ್ಲುವ ಜಾಗದ ಮೇಲೆ, ಟ್ಯಾಂಕಿನ ಮುಚ್ಚಳಕ್ಕೆ ನೇರವಾಗಿ, ಒಂದು ಮಂಗಳೂರು ಹೆಂಚು ಸೀಳಿತ್ತು. ಆಷಾಢದ ಮಳೆಯೆಲ್ಲ ಆ ಸೀಳಿನಿಂದ ಹನಿಹನಿಯಾಗಿ ಮುಚ್ಚಳದ ಮೇಲೆ ಬಿದ್ದು, ಬಿರಿದ ವಾಷರಿನ ಸಂದಿಯಲ್ಲಿ ಇಳಿದಿತ್ತು. ಮನೆಯನ್ನು ಬಿಟ್ಟುಹೋಗಲಿದ್ದ ಕಾರಿನ ಕಾಯಿಲೆಗೆ ಮೂಲ ಒಂದು ಹೆಂಚು, ಒಂದು ವಾಷರು.

ಹೊಸ ಕಾರ್ಬುರೇಟರಿಗೆ ಹಣ ಕೊಡುವ ಪ್ರಮೇಯ ಬರಲಿಲ್ಲ. ಹೆಂಚು ಬದಲಾಯಿತು, ವಾಷರು ಬದಲಾಯಿತು, ಕೊಳವೆಗಳು ಹೊಸದಾದವು. ಟ್ಯಾಂಕನ್ನು ಅರ್ಧ ಖಾಲಿ ಬಿಡದೆ ತುಂಬಿಸಿಡುವುದು, ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿ ಹಳೆಯ ಪೆಟ್ರೋಲು ಮುಗಿದು ಹೊಸದು ಬರುವಂತೆ ನೋಡಿಕೊಳ್ಳುವುದು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಾಟಲಿಯ ಪರೀಕ್ಷೆ ಮಾಡುವುದು ಎಂದು ನಿಯಮವಾಯಿತು. ಪರೀಕ್ಷೆಯ ಭಾರವನ್ನು ಮೊಮ್ಮಗಳು ತಾನೇ ವಹಿಸಿಕೊಂಡಳು.

ಮೇಸ್ತ್ರಿಯ ಮಾತಿನಂತೆ, ಮೊದಲು ಎರಡು ವಾರ ಸಮನೆಲದಲ್ಲಿ ಮಾತ್ರ ಓಡಿಸಿ, ಮತ್ತೊಂದು ಬಾಟಲಿ ತೆಗೆದು ನೋಡಿದರು. ಗೆರೆಯಿರಲಿಲ್ಲ, ಬಣ್ಣ ಒಂದೇ ಇತ್ತು. ನವರಾತ್ರಿಗೆ ಮುಂಚಿನ ಒಂದು ಬೆಳಗ್ಗೆ ಮಗ ಮತ್ತು ಮೊಮ್ಮಗಳು ಇಬ್ಬರೇ ಬೆಟ್ಟ ಹತ್ತಿ ಇಳಿದು ಬಂದರು. ಕಾರು ಎಲ್ಲಿಯೂ ಸೀನಲಿಲ್ಲ. ಅದಾದ ಮೇಲೆ ಅಜ್ಜಿ ಹಿಂದಿನ ಸೀಟಿನಲ್ಲಿ ಕುಳಿತರು, ಕಾಲ ಬಳಿ ಒಂದು ಒಳ್ಳೆಯ ಗುಂಡುಕಲ್ಲನ್ನು ಇರಿಸಿಕೊಂಡು. ಯಾರೂ ಬೇಡವೆನ್ನಲಿಲ್ಲ. ಹಳೆಯ ಕಾರಿನಲ್ಲಿ ಏರು ಹತ್ತುವವರೆಲ್ಲರೂ ಇಟ್ಟುಕೊಳ್ಳಬೇಕಾದ ವಸ್ತುವೇ ಅದು.